ನಂಬರ್ ಕೊಡಲಿಲ್ಲ, ಸಮಾವೇಶ ನಿಲ್ಲಲಿಲ್ಲ

ಜಿಲ್ಲಾ ವರದಿಗಾರರಿಗೆ ಸಮಾವೇಶ ಅಂದರೆ ಗೊತ್ತಿರೋದು ಮೂರೇ: ಪ್ರೆಸ್ ನೋಟ್, ಹಾರ, ವೇದಿಕೆಯ ಫೋಟೊ. ಉದ್ಘಾಟನೆ ಮುಗಿದ ಮೇಲೆ ನಾವು ಕೂರುವುದೇ ಕಡಿಮೆ. ಆದರೆ ಗದಗಿನಲ್ಲಿ ಸಾಫ್ಟ್‌ವೇರ್ ಗೆಳೆಯರು ಒಂದು ದಿನದ ಸಮಾವೇಶಕ್ಕೆ ಕೈಜೋಡಿಸಲು ಕರೆದಾಗ, ನಾವು ಪತ್ರಿಕೋದ್ಯಮ ಡಿಪ್ಲೊಮಾ ಓದಿದ ನಾಲ್ವರು ಹೂಂ ಅಂದೆವು. ಸುದ್ದಿಗೆ ಇಷ್ಟು ಎಂದು ಸಂಬಳ ಪಡೆಯುವವರಿಗೆ ಓಡಾಟದ ಒಂದೊಂದು ದಿನವೂ ನಷ್ಟವೇ. ಆದರೂ ಹೋದೆವು.

ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಹಲವು ದೇಶಗಳಲ್ಲಿ ಸಾಫ್ಟ್‌ವೇರ್ ಸ್ವಾತಂತ್ರ್ಯ ದಿನ ಆಚರಿಸುತ್ತಾರೆ. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಸಾಫ್ಟ್‌ವೇರಿನ ದಿನ ಅದು. ಲಿನಕ್ಸ್ ಅಂಥದ್ದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು, ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಇದೆ. ನಮ್ಮೂರಿನವರಿಗೆ ಈ ಮಾತು ಹೊಸದಲ್ಲ. 1905ರಲ್ಲಿ ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಪತ್ತಿನ ಸಹಕಾರ ಸಂಘ ಕಟ್ಟಿದರು. ಹತ್ತು ಜನ ಸೇರಿಸಿದ್ದು ಹತ್ತೂ ಜನರಿಗೆ ಒದಗುವ ಲೆಕ್ಕ ಅದು.

ನಮ್ಮ ಪಾಲಿಗೆ ಬಂದ ಕೆಲಸ ಕಂಪ್ಯೂಟರಿನದಲ್ಲ. ರೋಣ, ಮುಂಡರಗಿ, ಶಿರಹಟ್ಟಿ ಕಡೆಯ ಬಸ್ಸಿನ ವೇಳೆ ನೋಡಿ ಕಾರ್ಯಕ್ರಮ ಹತ್ತೂವರೆಗೆ ಶುರು, ನಾಲ್ಕಕ್ಕೆ ಮುಕ್ತಾಯ ಎಂದು ಗೊತ್ತು ಮಾಡಿದೆವು. ಭಾಷಣವೆಲ್ಲ ಕನ್ನಡದಲ್ಲೇ ಇರಲಿ ಎಂದು ಹಟ ಹಿಡಿದೆವು. ಕರೆಂಟ್ ಹೋದರೆ ಇರಲಿ ಎಂದು ಜನರೇಟರ್ ಇದ್ದ ಕಾಲೇಜನ್ನೇ ಹುಡುಕಿದೆವು. ಕಸ ಗುಡಿಸಿ ಕೊಡುವುದಾದರೆ ಬಾಡಿಗೆ ಬೇಡ ಅಂದರು.

ತೊಡಕು ಬಂದದ್ದು ದುಡ್ಡಿನಲ್ಲಿ. ಕೋಡಿಂಗ್ ಕೋರ್ಸ್ ಮಾರುವ ಒಂದು ಸಂಸ್ಥೆ ಊಟದ ಖರ್ಚು ತನ್ನದು ಅಂದಿತು. ಬದಲಿಗೆ ಹೆಸರು ನೋಂದಾಯಿಸಿದವರ ಫೋನ್ ನಂಬರ್ ಪಟ್ಟಿ ಬೇಕು. "ನಂಬರ್ ಅಷ್ಟ ಅಲ್ಲೇನ್ರಿ, ಕೊಟ್ರ ಏನ್ ಹೋಗ್ತೈತಿ?" ಎಂದು ನಮ್ಮೊಳಗೇ ಒಬ್ಬರು ಕೇಳಿದರು. ಎರಡು ರಾತ್ರಿ ಇದೇ ಮಾತು.

ಪಟ್ಟಿಯಲ್ಲಿ ಮೂವತ್ತರಷ್ಟು ಹುಡುಗಿಯರಿದ್ದರು. ಅನೇಕರು ಬರೆದದ್ದು ಅಪ್ಪನ ಇಲ್ಲವೇ ಅಣ್ಣನ ನಂಬರ್. ಆ ಫೋನಿಗೆ ದಿನಾ ಮೂರು ಸಲ 'ಫೀ ಕಟ್ಟಿ, ಸೀಟು ಹಿಡಿಯಿರಿ' ಎಂಬ ಕರೆ ಬಂದರೆ, ಮನೆಯವರು ಬೈಯುವುದು ಆ ಸಂಸ್ಥೆಯನ್ನಲ್ಲ, ಮಗಳನ್ನು. ಮುಂದಿನ ಸಲ ಆಕೆಯನ್ನು ಕಳಿಸುವುದಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದೇ: ಮಾಹಿತಿ ಬಳಸಲು ಅದರ ಒಡೆಯರ ಒಪ್ಪಿಗೆ ಬೇಕು. ಕೊಡುವುದಿಲ್ಲ ಎಂದು ಹೇಳಿಬಿಟ್ಟೆವು.

ಹದಿನಾಲ್ಕು ಜನ ತಲಾ 500 ರೂಪಾಯಿ ಹಾಕಿದೆವು, 7,000 ಆಯಿತು. ಸ್ವಸಹಾಯ ಸಂಘದ ಅಕ್ಕಂದಿರು ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ-ಸಾರಿನ ಊಟ 60 ರೂಪಾಯಿಗೆ ಒಪ್ಪಿದರು. ತೊಂಬತ್ತು ಜನಕ್ಕೆ 5,400. ಉಳಿದದ್ದು ಚಹಾಕ್ಕೆ, ಬ್ಯಾನರಿಗೆ.

ಅಂದು ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುವ ಅಕ್ಕ ಒಬ್ಬರು ಪೆನ್‌ಡ್ರೈವ್ ಹಿಡಿದು ಬಂದಿದ್ದರು. ಅದರಲ್ಲಿ ಊರಿನ ಹಿರಿಯರು ಹೇಳಿದ ಕಥೆ, ಸೋಬಾನೆ ಪದ, ಎಲ್ಲ ಹಳೆಯ ನುಡಿ ಫಾಂಟಿನಲ್ಲಿ. ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು, ಆ ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೇ 128 ಜಾಗ ಮೀಸಲು. ಹುಡುಗರು ಉಚಿತ ಪರಿವರ್ತಕದಲ್ಲಿ ಹಾಕಿ, ಕೆಟ್ಟ ಒತ್ತಕ್ಷರಗಳನ್ನು ಕೈಯಲ್ಲೇ ತಿದ್ದಿ ಕೊಟ್ಟರು. ಅಕ್ಕ ಫೋನಿನಲ್ಲಿ ಮೊದಲ ಪದ ಓದಿ, "ಇದು ನಮ್ಮವ್ವ ಹೇಳಿದ್ದು" ಅಂದರು.

ಈ ಸಮಾವೇಶದ ಸುದ್ದಿಯನ್ನು ನಾವ್ಯಾರೂ ಪತ್ರಿಕೆಗೆ ಕಳಿಸಲಿಲ್ಲ. ಚಾಪೆ ಹಾಸಿದವರೇ ಹೊಗಳಿ ಬರೆದರೆ ಅದು ವರದಿಯಾಗುವುದಿಲ್ಲ. ಬೇರೆ ವರದಿಗಾರರೊಬ್ಬರು ಬಂದು ನೋಡಿ ಆರು ಸಾಲು ಬರೆದರು. ಮೂರನೇ ದಿನ ಆ ನಂಬರ್ ಪಟ್ಟಿಯನ್ನು ಎಲ್ಲರ ಫೋನಿನಿಂದಲೂ ಅಳಿಸಿದೆವು.

ನಿಮ್ಮ ತಾಲ್ಲೂಕಿನಲ್ಲಿ ಯಾರಾದರೂ ಇಂಥ ಕಾರ್ಯಕ್ರಮಕ್ಕೆ ಹೆಸರು ಬರೆಸಲು ಕೇಳಿದರೆ ಖಂಡಿತ ಬರೆಸಿ. ಬರೆಸುವ ಮುಂಚೆ ಎರಡೇ ಪ್ರಶ್ನೆ ಕೇಳಿ: ನನ್ನ ನಂಬರ್ ಯಾರ ಕೈಗೆ ಹೋಗುತ್ತದೆ? ಯಾವಾಗ ಅಳಿಸುತ್ತೀರಿ? ನೆಟ್ಟಗೆ ಉತ್ತರ ಕೊಡುವವರ ಜೊತೆ ಒಂದು ದಿನ ಕುರ್ಚಿ ಹೊರುವುದಕ್ಕೂ ಹೋಗಿ.