ವಿಹಾರದ ದಿನಕ್ಕೊಂದು ಮೇರೆ

ಪ್ರಯಾಣಕ್ಕೆ ಮುನ್ನ ಮೇರೆಯನ್ನು ಗೊತ್ತುಮಾಡಿಕೊಳ್ಳಬೇಕೆಂಬುದು ಶ್ರಾವಕಧರ್ಮದಲ್ಲಿ ಹೊಸ ಮಾತಲ್ಲ. ದಿಗ್ವ್ರತವು ಜೀವಮಾನಕ್ಕೆ ದಿಕ್ಕುಗಳ ಎಲ್ಲೆಯನ್ನು ಹಾಕಿದರೆ, ದೇಶಾವಕಾಶಿಕವು ಆ ಎಲ್ಲೆಯನ್ನೇ ಒಂದು ದಿನಕ್ಕೋ ಒಂದು ಪಕ್ಷಕ್ಕೋ ಇನ್ನಷ್ಟು ಕಿರಿದುಗೊಳಿಸುತ್ತದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಈ ಮೇರೆಗೆ ಮನೆ, ಊರು, ಹೊಲ, ನದಿ, ಕಾಡು, ಯೋಜನ ಮುಂತಾದವುಗಳನ್ನು ಗುರುತಾಗಿ ಹೇಳಿದೆ. ಈ ವ್ರತವು ವಯಸ್ಸಾದವರಿಗೆ, ಬಸದಿಯಲ್ಲಿ ಕುಳಿತು ದಿನ ಕಳೆಯುವವರಿಗೆ ಮಾತ್ರ ಎಂದು ಭಾವಿಸುವವರೇ ಹೆಚ್ಚು. ಆದರೆ ಮಕ್ಕಳನ್ನು ಕರೆದುಕೊಂಡು ಅಪರಿಚಿತವಾದ ಮನರಂಜನಾ ಉದ್ಯಾನಕ್ಕೆ ಹೊರಡುವ ಸಂಸಾರಕ್ಕೆ ಇದರಷ್ಟು ಉಪಯುಕ್ತವಾದ ವ್ರತ ಮತ್ತೊಂದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಜೈನ ಕುಟುಂಬಗಳಿಗೆ ಪ್ರಯಾಣ ಹೊಸದೇನಲ್ಲ. ಬಿಳಿಕೆರೆ ಸಮೀಪದ ಗೊಮ್ಮಟಗಿರಿ, ಕೆ.ಆರ್. ನಗರದ ಆಚೆಯ ಚಿಕ್ಕಹನಸೋಗೆಯ ತ್ರಿಕೂಟ ಬಸದಿ, ದೂರದ ಕನಕಗಿರಿ, ಶ್ರವಣಬೆಳಗೊಳ ಇವೆಲ್ಲ ತಲೆಮಾರುಗಳಿಂದ ಬುತ್ತಿ ಕಟ್ಟಿಕೊಂಡು ಹೋಗಿಬರುವ ಕ್ಷೇತ್ರಗಳು. ಕ್ಷೇತ್ರಯಾತ್ರೆಯಲ್ಲಿ ಯೋಚಿಸಬೇಕಾದುದು ಕಡಿಮೆ. ಊಟ ಯಾವಾಗ, ನೀರು ಎಂತಹುದು, ಹೆಜ್ಜೆ ಎಲ್ಲಿಡಬೇಕು ಎಂಬುದೆಲ್ಲ ಹಿರಿಯರು ಹಾಕಿಕೊಟ್ಟ ದಾರಿಯಲ್ಲಿಯೇ ಇದೆ. ಆದರೆ ಬೇಸಿಗೆಯ ರಜೆ ಬಂದೊಡನೆ ಮಕ್ಕಳು ಕೇಳುವುದು ಬೇರೊಂದು ಸ್ಥಳವನ್ನು. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ 82 ಎಕರೆಯ ಉದ್ಯಾನ. ಅಲ್ಲಿ ಅರುವತ್ತಕ್ಕೂ ಮಿಕ್ಕಿದ ಆಟದ ಯಂತ್ರಗಳೂ ಅಲೆಗಳೇಳುವ ಕೊಳಗಳೂ ಇವೆ. ಅಲ್ಲಿಗೆ ಹಿರಿಯರು ಹಾಕಿಕೊಟ್ಟ ದಾರಿ ಇಲ್ಲ.

ಹುಣಸೂರಿನ ಒಂದು ಶ್ರಾವಕ ಮನೆಯಲ್ಲಿ ಈ ಪ್ರಶ್ನೆ ಬಂದಾಗ ಮೊದಲು ಆಕ್ಷೇಪಿಸಿದವರು ಅಜ್ಜಿ. ಅವರ ಆಕ್ಷೇಪ ಹಗುರವಾದುದಲ್ಲ. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆ ಒಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಇವುಗಳ ಜೊತೆಗೆ, ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಆಚಾರ್ಯರು ಅಲ್ಲಿ ಸೇರಿಸಿದ್ದಾರೆ. “ನೂರೈವತ್ತು ಕಿಲೋಮೀಟರು ಹೋಗಿ, ನೀರಿನಲ್ಲಿ ಜಾರಿ, ಮತ್ತೆ ನೂರೈವತ್ತು ಕಿಲೋಮೀಟರು ಬರುವುದರಲ್ಲಿ ಪ್ರಯೋಜನ ಯಾವುದು?” ಎಂದು ಅವರು ಕೇಳಿದರು. ಮಗನಿಗೆ ಒಡನೆಯೇ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಮಕ್ಕಳ ಸಂತೋಷ ಪ್ರಯೋಜನವಲ್ಲವೇ ಅಮ್ಮ? ವರ್ಷವೆಲ್ಲ ಪುಸ್ತಕದ ಮುಂದೆ ಕೂತಿದ್ದಾರೆ” ಎಂದರು. ಅಜ್ಜಿ ಅದನ್ನು ತಳ್ಳಿಹಾಕಲಿಲ್ಲ. “ಹಾಗಿದ್ದರೆ ಸಂತೋಷಕ್ಕೆ ಎಷ್ಟು ಬೇಕೋ ಅಷ್ಟನ್ನೇ ಗೊತ್ತುಮಾಡಿ. ಮಿಕ್ಕದ್ದನ್ನು ಬಿಡಿ” ಎಂದರು. ಯೋಜನೆ ಆರಂಭವಾದದ್ದು ಆ ಮಾತಿನಿಂದ.

ಮೊದಲನೆಯದು ದಿನದ ಆಯ್ಕೆ. ಶಾಲೆಗೆ ದೀರ್ಘ ರಜೆ ಇರುವುದು ದಸರೆಯಲ್ಲಿ ಮತ್ತು ಬೇಸಿಗೆಯಲ್ಲಿ. ದಸರೆಯು ಚಾತುರ್ಮಾಸದೊಳಗೆ ಬರುತ್ತದೆ. ಜೀವೋತ್ಪತ್ತಿ ಹೆಚ್ಚಾಗಿರುವ ಆ ಕಾಲದಲ್ಲಿ ಮುನಿಗಳು ಒಂದೆಡೆ ನಿಲ್ಲುತ್ತಾರೆ, ಶ್ರಾವಕರೂ ಅನವಶ್ಯಕ ಸಂಚಾರವನ್ನು ಕಡಿಮೆ ಮಾಡುತ್ತಾರೆ. ಹಗಲೂ ಆಗ ಚಿಕ್ಕದು. ಅಕ್ಟೋಬರಿನ ನಡುವೆ ಸೂರ್ಯಾಸ್ತ 6 ಗಂಟೆಯ ಆಸುಪಾಸಿಗೆ. ಮೇ ತಿಂಗಳಲ್ಲಿ ಅದು 6-30 ದಾಟುತ್ತದೆ. ಆದುದರಿಂದ ಬೇಸಿಗೆಯೇ ಸರಿ ಎಂದಾಯಿತು. ಪಂಚಾಂಗ ನೋಡಿ ಅಷ್ಟಮಿ, ಚತುರ್ದಶಿಗಳನ್ನೂ ಅಕ್ಷಯ ತೃತೀಯೆಯನ್ನೂ ಬಿಟ್ಟರು. ನೂಕುನುಗ್ಗಲು ಕಡಿಮೆ ಇರಲೆಂದು ಭಾನುವಾರವನ್ನೂ ಬಿಟ್ಟು ಒಂದು ಬುಧವಾರವನ್ನು ಹಿಡಿದರು.

ಎರಡನೆಯದು ಹೊತ್ತಿನ ಲೆಕ್ಕ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು, ಅಲ್ಲಿಂದ ಬಿಡದಿಗೆ ನೂರಕ್ಕೂ ಮಿಕ್ಕು. ಪಿರಿಯಾಪಟ್ಟಣದವರಾದರೆ ಇನ್ನೂ ಅರ್ಧ ಗಂಟೆ ಮೊದಲು ಹೊರಡಬೇಕು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಸಮಯ ಉಳಿಯುವುದು ನಿಜ. ಆದರೂ ಊಟದ ಪ್ರಶ್ನೆ ಉಳಿದೇ ಇತ್ತು. ಇಂತಹ ಉದ್ಯಾನಗಳಲ್ಲಿ ಹೊರಗಿನ ಆಹಾರವನ್ನು ಒಳಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಒಳಗಿನ ಉಪಾಹಾರಗೃಹದಲ್ಲಿ ಸಸ್ಯಾಹಾರ ದೊರೆತರೂ ಕಂದಮೂಲವಿಲ್ಲದ ಅಡಿಗೆ ದೊರೆಯುವುದೆಂಬ ಭರವಸೆ ಇಲ್ಲ. ದಾರಿಯ ತಿಂಡಿಯೂ ಹಾಗೆಯೇ. ಮದ್ದೂರು ವಡೆಗೆ ಈರುಳ್ಳಿಯೇ ಜೀವ. ಆದ್ದರಿಂದ ಬಸದಿಯಲ್ಲಿ ದರ್ಶನ ಮುಗಿಸಿ ಆರೂವರೆಗೆ ಹೊರಡುವುದು, ಶ್ರೀರಂಗಪಟ್ಟಣ ದಾಟಿ ಮೊದಲ ಬುತ್ತಿ ಬಿಚ್ಚುವುದು, ಬಾಗಿಲು ತೆರೆಯುವ 11 ಗಂಟೆಗೆ ಮುನ್ನ ವಾಹನದ ಬಳಿಯೇ ಎರಡನೆಯ ಊಟ ಮುಗಿಸುವುದು ಎಂದು ಗೊತ್ತಾಯಿತು. ಕಾಯಿಸಿ ಆರಿಸಿದ ನೀರನ್ನು ಒಳಗೆ ಒಯ್ಯಬಹುದೇ ಎಂಬುದನ್ನು ಮುಂಚಿತವಾಗಿ ದೂರವಾಣಿಯಲ್ಲಿಯೇ ವಿಚಾರಿಸಬೇಕೆಂದು ತಾಯಿ ಬರೆದಿಟ್ಟುಕೊಂಡರು.

ಅಷ್ಟರಲ್ಲಿ ಅಜ್ಜಿ, ತಮಗೆ ಅಷ್ಟು ಹೊತ್ತು ನಿಲ್ಲಲಾಗದು, ತಾವು ಬರುವುದಿಲ್ಲ ಎಂದರು. ಹಗಲೆಲ್ಲ ಬೆಂಚಿನ ಮೇಲೆ ಕುಳಿತು ಚೀಲ ಕಾಯುವ ಕೆಲಸಕ್ಕೆ ವೃದ್ಧರನ್ನು ಕರೆದೊಯ್ಯುವುದು ಗೌರವವಲ್ಲವೆಂದು ಮಗನೂ ಒಪ್ಪಿದರು. ರಾತ್ರಿಭೋಜನ ತ್ಯಾಗದ ನಿಯಮವಿದ್ದವರು ಅಜ್ಜಿ ಒಬ್ಬರೇ ಎಂದು ಎಲ್ಲರೂ ತಿಳಿದಿದ್ದರಿಂದ, ಸಂಜೆ ಎಷ್ಟು ಹೊತ್ತಾದರೂ ಚಿಂತೆಯಿಲ್ಲ ಎಂಬ ಮಾತು ಬಂತು. ಆಗ ಹನ್ನೆರಡು ವರ್ಷದ ಮೊಮ್ಮಗಳು ಬಾಯಿಬಿಟ್ಟಳು: “ನಾನೂ ನಿಯಮ ಹಿಡಿದಿದ್ದೀನಲ್ಲ ಅಜ್ಜಿ. ದಶಲಕ್ಷಣ ಪರ್ವದಲ್ಲಿ, ಒಂದು ವರ್ಷಕ್ಕೆ ಅಂತ.”

ಭಾದ್ರಪದದಲ್ಲಿ ಪಾಠಶಾಲೆಯ ಮಕ್ಕಳ ಜೊತೆ ಕೈಮುಗಿದು ಹೇಳಿದ ಆ ಮಾತನ್ನು ಮನೆಯವರು ಮರೆತಿದ್ದರು, ಆಕೆ ಮರೆತಿರಲಿಲ್ಲ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮುಂಚೆ ಊಟ ಮುಗಿಸುವುದು ಆ ಮನೆಯ ಪದ್ಧತಿ. ಮೇ ತಿಂಗಳ ಲೆಕ್ಕದಲ್ಲಿ ಅದು 5-50ರ ಒಳಗೆ ಬೀಳುತ್ತದೆ. ಒದ್ದೆಬಟ್ಟೆ ಬದಲಿಸಿ ವಾಹನ ನಿಲ್ಲಿಸಿದಲ್ಲಿಗೆ ಬರಬೇಕಾದರೆ 5 ಗಂಟೆಗೆ ಆಟ ಬಿಡಬೇಕು. ಉದ್ಯಾನ 6 ಗಂಟೆಯವರೆಗೆ, ರಜಾದಿನಗಳಲ್ಲಿ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ.

“ಒಂದು ದಿನ ತಾನೆ ಮಗು, ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಂಡರಾಯಿತು” ಎಂದರು ಚಿಕ್ಕಪ್ಪ. ಪ್ರೀತಿಯಿಂದ ಹೇಳಿದ ಮಾತು. ಆದರೆ ಪ್ರಾಯಶ್ಚಿತ್ತವಿರುವುದು ಎಡವಿದವನಿಗೆ. ಎಡವಲು ಮುಂಗಡವಾಗಿ ಕಟ್ಟುವ ಶುಲ್ಕ ಅದಲ್ಲ. ಹಾಗೆಂದು ಹದಿನಾರು ವರ್ಷದ ಅಣ್ಣನ ಅಸಮಾಧಾನವೂ ಅನ್ಯಾಯವಾದುದಾಗಿರಲಿಲ್ಲ. “ಟಿಕೆಟ್ಟು ಇಡೀ ದಿನದ್ದು. ಅವಳ ನಿಯಮಕ್ಕೆ ನಾನು ಯಾಕೆ ಐದಕ್ಕೇ ಬರಬೇಕು?” ಎಂದು ಅವನು ಕೇಳಿದ.

ಅನೇಕ ಮನೆಗಳಲ್ಲಿ ಇಂತಹ ಘಟ್ಟದಲ್ಲಿ ಇಬ್ಬರಲ್ಲಿ ಒಬ್ಬರ ಬಾಯಿ ಮುಚ್ಚಿಸುತ್ತಾರೆ. ಒಂದೋ, ಚಿಕ್ಕವಳ ನಿಯಮವನ್ನು ಆಟವೆಂದು ನಕ್ಕು ಸಡಿಲಿಸುತ್ತಾರೆ. ಇಲ್ಲವೇ ಧರ್ಮದ ಹೆಸರಿನಲ್ಲಿ ದೊಡ್ಡವನನ್ನು ಗದರಿಸುತ್ತಾರೆ. ಮೊದಲನೆಯದರಿಂದ, ಕೊಟ್ಟ ಮಾತಿಗೆ ಬೆಲೆಯಿಲ್ಲವೆಂದು ಮಗು ಕಲಿಯುತ್ತದೆ. ಎರಡನೆಯದರಿಂದ ವ್ರತವೆಂದರೆ ಇನ್ನೊಬ್ಬರು ಹೊರಿಸುವ ಹೊರೆ ಎಂದು ಕಲಿಯುತ್ತದೆ. ಅಜ್ಜಿಯ ತೀರ್ಮಾನ ಎರಡನ್ನೂ ಬಿಟ್ಟಿತ್ತು: “ವ್ರತ ಅವಳದು. ನಿನಗೋಸ್ಕರ ಅವಳು ಮುರಿಯುವುದು ಬೇಡ, ಅವಳಿಗೋಸ್ಕರ ನೀನು ಅಳುಮೋರೆ ಹಾಕುವುದೂ ಬೇಡ.” ಐದಕ್ಕೆ ತಾಯಿ ಮಗಳು ಹೊರಗೆ ಬಂದು ಮೂರನೆಯ ಬುತ್ತಿ ಬಿಚ್ಚುವುದು, ತಂದೆಯೂ ಚಿಕ್ಕಪ್ಪನೂ ಗಂಡುಮಕ್ಕಳ ಜೊತೆ ಮುಚ್ಚುವವರೆಗೆ ಇರುವುದು ಎಂದು ನಿಶ್ಚಯವಾಯಿತು. ಆ ಒಂದು ಗಂಟೆಯ ಆಟವನ್ನು ಬಿಡುವುದು ತನಗೆ ಕಷ್ಟವೆಂದು ಹುಡುಗಿ ಬಚ್ಚಿಡಲಿಲ್ಲ. ಕಷ್ಟವಿಲ್ಲವೆಂದು ಹೇಳಿಸುವ ಪ್ರಯತ್ನವನ್ನೂ ಯಾರೂ ಮಾಡಲಿಲ್ಲ.

ಟಿಕೆಟ್ಟಿನ ವಿಷಯದಲ್ಲಿ ಇನ್ನೊಂದು ಪರೀಕ್ಷೆಯಿತ್ತು. ಅಲ್ಲಿ ಮಕ್ಕಳ ದರವನ್ನು ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ. ಹುಡುಗಿಯ ಎತ್ತರ ಗಡಿಯ ಮೇಲೆಯೇ ಇತ್ತು. ಮೊಣಕಾಲು ತುಸು ಬಗ್ಗಿಸಿದರೆ ಕಡಿಮೆ ದರ ಎಂದು ಯಾರೋ ನಗೆಯಾಡಿದರು. ಕೆಲವು ಯಂತ್ರಗಳನ್ನು ಹತ್ತಲು ಇಷ್ಟು ಎತ್ತರ ಇರಲೇಬೇಕೆಂಬ ನಿಯಮವೂ ಉಂಟು. ಬಾಗಿಲಿನಲ್ಲಿ ಕುಗ್ಗಿದ ಮಗುವನ್ನೇ ಯಂತ್ರದ ಮುಂದೆ ತುದಿಗಾಲಿನಲ್ಲಿ ನಿಲ್ಲಿಸುವ ತಂದೆತಾಯಿಗಳು ಎಲ್ಲ ಕಡೆಯೂ ಇದ್ದಾರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ ಎಂಬುದೊಂದಿದೆ. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವುದು ಅದರ ಅರ್ಥ. ಅಂಗಡಿಯ ತಕ್ಕಡಿಗೆ ಹೇಳಿದ ಈ ಮಾತು ಅಳತೆಗೋಲಿನ ಮುಂದೆ ನಿಂತ ಮಗುವಿಗೂ ಸಲ್ಲುತ್ತದೆ. ಯಂತ್ರದ ಎದುರು ಸುಳ್ಳು ಎತ್ತರ ತೋರಿಸುವುದಂತೂ ಪ್ರಾಣದೊಡನೆ ಆಡುವ ಆಟ. ಪೂರ್ಣ ದರಕ್ಕೇ ಹಣ ಎತ್ತಿಡಬೇಕೆಂದು ತಂದೆ ಮೊದಲೇ ಹೇಳಿದರು.

ನೆರೆಯ ಎರಡು ಮನೆಗಳವರೂ ಜೊತೆಗೂಡಿದ್ದರಿಂದ ಒಂದು ವ್ಯಾನು ಗೊತ್ತುಮಾಡುವ ಮಾತಾಯಿತು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಇವೆರಡನ್ನು ಎತ್ತುಗಾಡಿಯ ಕಾಲದವರು ಎತ್ತಿನ ವಿಷಯವಾಗಿ ಅರಿತಿದ್ದರು: ಮೀರಿದ ಹೊರೆ ಹೇರಬಾರದು, ಹೊತ್ತಿಗೆ ಮೇವು ನೀರು ತಪ್ಪಿಸಬಾರದು. ಎತ್ತು ಹೋಗಿ ವ್ಯಾನು ಬಂದರೂ ಮಾತು ಹಾಗೆಯೇ ನಿಂತಿದೆ. ಹನ್ನೆರಡು ಆಸನಗಳಲ್ಲಿ ಹದಿನಾರು ಜನರನ್ನು ತುಂಬುವುದು ಅತಿಭಾರ. ಒಳಗೆ ಎಲ್ಲರೂ ಆಡುತ್ತಿರುವಾಗ ಬಿಸಿಲಿನಲ್ಲಿ ಕಾಯುವ ಚಾಲಕನ ಊಟವನ್ನು ಯಾರೂ ನೆನೆಯದಿರುವುದು ಅನ್ನಪಾನನಿರೋಧ. ಅವನ ಪಾಲಿನ ಬುತ್ತಿಯನ್ನೂ ಕಟ್ಟಬೇಕೆಂದೂ, ಹಿಂದಿನ ರಾತ್ರಿ ಬೇರೆ ಬಾಡಿಗೆಗೆ ಹೋಗದೆ ನಿದ್ರೆಮಾಡಿ ಬರುವವನನ್ನೇ ಕರೆಯಬೇಕೆಂದೂ ಗೊತ್ತಾಯಿತು. ಹಿಂತಿರುಗುವುದು ಕತ್ತಲೆಯಲ್ಲಿ, ಮಕ್ಕಳೆಲ್ಲರ ಜೀವ ಅವನ ಎಚ್ಚರದ ಮೇಲೆ ನಿಂತಿರುತ್ತದೆ.

ಹಣದ ಮಾತು ಬಂದಾಗ ಬಸದಿಯ ಅರ್ಚಕರ ಮಗನ ಹೆಸರು ಪಟ್ಟಿಯಲ್ಲಿರಲಿಲ್ಲ. ಪಾಠಶಾಲೆಯಲ್ಲಿ ಎಲ್ಲರ ಜೊತೆ ಕಲಿಯುವ ಹುಡುಗ. ಪ್ರವೇಶದ ದರ ಆ ಮನೆಗೆ ಭಾರ. ಟ್ರಸ್ಟಿನ ನಿಧಿಯಿಂದ ಕೊಡಬಹುದಲ್ಲ ಎಂಬ ಸಲಹೆ ಬಂತು. ಪೂಜೆಗೆಂದು, ಜೀರ್ಣೋದ್ಧಾರಕ್ಕೆಂದು ಭಕ್ತರು ಕೊಟ್ಟ ದ್ರವ್ಯವನ್ನು ನೀರಾಟಕ್ಕೆ ವ್ಯಯಿಸುವುದು, ಮೊತ್ತ ಎಷ್ಟೇ ಚಿಕ್ಕದಾದರೂ, ಕೊಟ್ಟವರ ಸಂಕಲ್ಪಕ್ಕೆ ದ್ರೋಹ. ಟ್ರಸ್ಟುಗಳು ಪಾಠಶಾಲೆಯ ಪ್ರವಾಸಕ್ಕೆ ನೆರವಾಗಬೇಕಾದರೆ ಅದಕ್ಕೆಂದೇ ಕೇಳಿ, ಅದಕ್ಕೆಂದೇ ಪಡೆದು, ಪ್ರತ್ಯೇಕ ಲೆಕ್ಕ ಇಡುವುದೊಂದೇ ಮಾರ್ಗ. ಇಲ್ಲಿ ಮೂರು ಮನೆಯವರು ಆ ಹುಡುಗನ ಪಾಲನ್ನು ಹಂಚಿಕೊಂಡು, ಹಣವನ್ನು ಮುಂಚೆಯೇ ಅರ್ಚಕರ ಕೈಗೆ ಮುಟ್ಟಿಸಿದರು. ಉಳಿದವರು ಹಣ ಕೊಡುವ ದಿನ ಅವರೂ ಎಲ್ಲರ ನಡುವೆ ನಿಂತು ಕೊಟ್ಟರು. ಹುಡುಗನ ಮುಂದೆ ಯಾರೂ ಆ ಮಾತು ಎತ್ತಕೂಡದೆಂದು ಹೆಂಗಸರು ತಮ್ಮ ತಮ್ಮ ಮಕ್ಕಳಿಗೆ ಹೇಳಲೇ ಇಲ್ಲ. ಮಕ್ಕಳಿಗೆ ವಿಷಯ ತಿಳಿಯದಂತೆ ನೋಡಿಕೊಂಡರು.

ನೀರಿನ ವಿಷಯ ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಬಟ್ಟೆಯಲ್ಲಿ ಸೋಸಿ, ಜೀವಾಣಿಯನ್ನು ನೀರು ತಂದಲ್ಲಿಗೇ ಬಿಡುವ ಸಂಪ್ರದಾಯದವರಿಗೆ ಕೊಳದ ತುಂಬ ಅಲೆಯೆಬ್ಬಿಸುವ ಆಟ ಸಹಜವಾಗಿ ಕಾಣದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜನ ನೀರಿಗಾಗಿ ಪಟ್ಟ ಬವಣೆಯನ್ನು ನಾಡೆಲ್ಲ ಕಂಡಿದೆ. ಕಬಿನಿಯ ದಂಡೆಯ ಎಚ್.ಡಿ. ಕೋಟೆ, ಕಾವೇರಿಯ ದಂಡೆಯ ಕೆ.ಆರ್. ನಗರದವರಿಗೆ ಬೇಸಿಗೆಯ ನದಿ ಹೇಗಿರುತ್ತದೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ಉದ್ಯಾನಗಳಲ್ಲಿ ಕೊಳದ ನೀರನ್ನು ಶುದ್ಧಿಮಾಡಿ ಮತ್ತೆ ಬಳಸುತ್ತಾರೆಂದು ಮಗ ಹೇಳಿದಾಗ ಅಜ್ಜಿ ಕೇಳಿಕೊಂಡರು, ಒಪ್ಪಲಿಲ್ಲ. ಕೊಳದಲ್ಲಿ ಒಂದೂವರೆ ಗಂಟೆ ಮಾತ್ರ, ಉಳಿದ ಹೊತ್ತು ಒಣ ಆಟಗಳು ಎಂದು ಭೋಗೋಪಭೋಗಕ್ಕೆ ಪರಿಮಾಣ ಹಾಕಿಕೊಂಡದ್ದು ಮಕ್ಕಳೇ. ನೀರಿಗಿಳಿಯಲು ಹತ್ತಿಯ ಬಟ್ಟೆ, ಸೀರೆ ನಡೆಯುವುದಿಲ್ಲವೆಂಬುದನ್ನೂ ವಿಚಾರಿಸಿ ತಿಳಿದಿದ್ದರಿಂದ, ಹೊಸ ಬಟ್ಟೆ ಕೊಳ್ಳದೆ ನೆಂಟರ ಮನೆಯಿಂದ ಎರವಲು ತರುವುದೆಂದಾಯಿತು.

ಕೊನೆಗೆ ಬರೆದ ನಿಯಮ ಒಂದೇ ಸಾಲಿನದು: ಹೆದರಿದವರನ್ನು ಯಂತ್ರಕ್ಕೆ ಎಳೆಯಕೂಡದು, ಹೆದರಿದರೆಂದು ನಗಕೂಡದು. ಅದನ್ನು ಬರೆದವನು ಹದಿನಾರರ ಅಣ್ಣ.

ವ್ಯಾನಿಗೆ ಮುಂಗಡ ಸಂದಿತು. ಅಜ್ಜಿ ಆ ಬುಧವಾರಕ್ಕೆ ತಮ್ಮ ದೇಶಾವಕಾಶಿಕವನ್ನೂ ಹೇಳಿಕೊಂಡರು: ಮನೆಯಿಂದ ಬಸದಿಯವರೆಗೆ. ಮಕ್ಕಳ ಮೇರೆ ಬಿಡದಿಯವರೆಗೆ, ಸಂಜೆ ಐದರವರೆಗೆ. ಎರಡನ್ನೂ ಮೊಮ್ಮಗಳು ಒಂದೇ ಹಾಳೆಯಲ್ಲಿ ಬರೆದು ಪಂಚಾಂಗದ ಪಕ್ಕಕ್ಕೆ ಅಂಟಿಸಿದಳು.