ಕೊನೆಯ ಬೆಂಚಿನವರು

ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಎರಡು ಸಲ ಫೋನ್ ಮಾಡಿದ್ದಾರೆ. ಊರಿನ ನೆನಪು, ಅಡುಗೆ, ಪ್ರವಾಸ ಇವೆಲ್ಲವನ್ನೂ ಬೇರೆಯವರು ನಮಗಿಂತ ಚೆನ್ನಾಗಿ ಬರೆದಾಗಿದೆ. ನಾವು ಗಂಡ ಹೆಂಡತಿ ಕೂತು ಯೋಚಿಸಿ, ಆರೇಳು ವರ್ಷಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವನ್ನೇ ಬರೆಯುವುದೆಂದು ತೀರ್ಮಾನಿಸಿದೆವು. ಇದು ಇಗರ್ಜಿಯ ವಿಷಯ. ಸಂಘದ ಸದಸ್ಯರಲ್ಲಿ ಹೆಚ್ಚಿನವರು ದೇವಸ್ಥಾನಕ್ಕೆ ಹೋಗುವವರಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಗೊತ್ತಿದ್ದವರು ಬೇಸರಿಸಬಾರದು.

ನಾವು ದಕ್ಷಿಣ ಕನ್ನಡದ ಕೆಥೊಲಿಕರು. ಮನೆಮಾತು ಕೊಂಕಣಿ, ಓದು ಬರಹವೆಲ್ಲ ಕನ್ನಡ. ಕೌಲಾಲಂಪುರಕ್ಕೆ ಬಂದ ಮೇಲೆ ಭಾನುವಾರದ ಪೂಜೆ ಇಂಗ್ಲಿಷಿನಲ್ಲಿ. ಅದೇ ಇಗರ್ಜಿಯಲ್ಲಿ ತಮಿಳು, ಚೀನೀ, ಬಹಾಸಾ ಪೂಜೆಗಳೂ ಬೇರೆ ಬೇರೆ ಹೊತ್ತಿನಲ್ಲಿ ನಡೆಯುತ್ತವೆ. ಪೂಜೆ ಮುಗಿದ ಮೇಲೆ ಊರ ಕಡೆಯ ನಾಲ್ಕೈದು ಕುಟುಂಬಗಳವರು ಪಕ್ಕದ ಮಾಮಕ್ ಅಂಗಡಿಯಲ್ಲಿ ಸೇರಿ ತೆ ತಾರಿಕ್ ಕುಡಿಯುವುದು ರೂಢಿ. ಪ್ರವಚನ ಹೇಗಿತ್ತು ಎಂದು ಶುರುವಾದ ಮಾತು ಯಾರು ತಡವಾಗಿ ಬಂದರು, ಯಾರು ಯಾವ ಉಡುಪಿನಲ್ಲಿ ಬಂದರು, ಯಾರು ಪ್ರಸಾದಕ್ಕೆ ಹೋಗಲಿಲ್ಲ ಎನ್ನುವಲ್ಲಿಗೆ ಹೇಗೆ ಮುಟ್ಟುತ್ತದೋ, ಆ ದಾರಿಯನ್ನು ನಾವು ಬಲ್ಲೆವು. ನಾವೇ ಎಷ್ಟೋ ಸಲ ಮುಂದೆ ನಿಂತು ದಾರಿ ತೋರಿಸಿದವರು.

ನಮ್ಮ ಇಗರ್ಜಿಗೆ ಊರ ಕಡೆಯ ಒಬ್ಬರು ಬರುತ್ತಿದ್ದರು. ಹೆಸರು ಬೇಡ. ಹೋಟೆಲಿನಲ್ಲಿ ಅಡುಗೆಯವರು, ಐವತ್ತರ ಆಸುಪಾಸು, ಮಾತು ಕಡಿಮೆ. ಯಾವಾಗಲೂ ಕೊನೆಯ ಬೆಂಚು. ಪರಮಪ್ರಸಾದಕ್ಕೆ ಎಲ್ಲರೂ ಸಾಲು ಹಿಡಿದಾಗ ಇವರು ಪಕ್ಕಕ್ಕೆ ಸರಿದು ಬೇರೆಯವರಿಗೆ ದಾರಿ ಬಿಡುತ್ತಿದ್ದರು, ಮತ್ತೆ ಮೊಣಕಾಲೂರಿ ತಲೆ ತಗ್ಗಿಸುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಪ್ರಸಾದ ತೆಗೆದುಕೊಳ್ಳದೆ ಕೂರುವುದು ಯಾರ ಕಣ್ಣಿಗೂ ಬೀಳುವ ಸಂಗತಿಯಾಗಿರಲಿಲ್ಲ. ಆಗ ನಡುರಾತ್ರಿಯಿಂದ ಹನಿ ನೀರೂ ಕುಡಿಯದೆ ಬಂದವರಿಗೆ ಮಾತ್ರ ಪ್ರಸಾದ. ಅನೇಕರು ಹಬ್ಬಕ್ಕೆ ಹುಣ್ಣಿಮೆಗೆ ಒಮ್ಮೆ, ಪಾಪನಿವೇದನೆ ಮಾಡಿಕೊಂಡು ಹೋಗುತ್ತಿದ್ದರು. ಆಗಾಗ ಸ್ವೀಕರಿಸಿರಿ ಎಂದು ಹತ್ತನೇ ಪಿಯುಸ್ ಪೋಪರು 1905ರಲ್ಲಿ ಹೇಳಿದರು. ಉಪವಾಸವೂ ಸಡಿಲವಾಗುತ್ತಾ ಬಂದು 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಒಳ್ಳೆಯದೇ ಆಯಿತು. ಆದರೆ ಬೆಂಚಿಗೆ ಬೆಂಚೇ ಎದ್ದು ಹೋಗುವ ಇಂದಿನ ದಿನದಲ್ಲಿ ಕೂತೇ ಇರುವ ಒಬ್ಬನು ಎಲ್ಲರಿಗೂ ಕಾಣುತ್ತಾನೆ. ಅವನು ಅರ್ಧ ಗಂಟೆಯ ಹಿಂದೆ ತಿಂಡಿ ತಿಂದಿರಬಹುದು, ಬೇರೆ ಪಂಥದವನಾಗಿರಬಹುದು. ನಾವು ಅದನ್ನೆಲ್ಲ ಯೋಚಿಸುವುದಿಲ್ಲ, ‘ಏನೋ ಇದೆ’ ಎನ್ನುತ್ತೇವೆ.

ಇವರ ವಿಷಯದಲ್ಲಿ ಇದ್ದದ್ದೂ ನಿಜ. ಊರಿನಿಂದ ಬಂದ ನಮ್ಮ ನೆಂಟರೊಬ್ಬರು ಇವರನ್ನು ಗುರುತು ಹಿಡಿದು ಮನೆಗೆ ಬಂದ ಮೇಲೆ ಹೇಳಿದರು. ಊರಲ್ಲಿ ಇಗರ್ಜಿಯಲ್ಲೇ ಮದುವೆಯಾದ ಹೆಂಡತಿ ಇದ್ದಾಳೆ. ಇವರು ತಿಂಗಳು ತಿಂಗಳೂ ಹಣ ಕಳಿಸುತ್ತಾರೆ, ಊರಿಗೆ ಮಾತ್ರ ಹೋಗುವುದಿಲ್ಲ. ಇಲ್ಲಿ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಹೆಂಗಸಿನೊಡನೆ ಸಂಸಾರ. ಮೊದಲ ಮದುವೆಯೇ ಸಿಂಧುವಲ್ಲ ಎಂದು ಧರ್ಮಪ್ರಾಂತ್ಯದ ನ್ಯಾಯಮಂಡಳಿ ತೀರ್ಪು ಕೊಡದ ಹೊರತು ಇಂಥ ಸಂಸಾರವನ್ನು ನಮ್ಮ ಧರ್ಮಸಭೆ ಮದುವೆಯೆಂದು ಒಪ್ಪುವುದಿಲ್ಲ. ಅದಕ್ಕೇ ಅವರು ಪ್ರಸಾದಕ್ಕೆ ಹೋಗುತ್ತಿರಲಿಲ್ಲ. ಅಂದರೆ ಯಾರೂ ಹೇಳದೆಯೇ ನಿಯಮವನ್ನು ಪಾಲಿಸುತ್ತಿದ್ದರು. ಇದು ನಮಗೆ ಆಗ ಹೊಳೆಯಲಿಲ್ಲ.

ಈ ಸುದ್ದಿ ತಿಳಿಯುವ ಮುಂಚೆ ಎರಡು ವರ್ಷ ಅವರು ನಮ್ಮ ಮನೆಗೆ ಸೆಪ್ಟೆಂಬರ್ 8ಕ್ಕೆ ಬಂದಿದ್ದರು. ಅದು ಮರಿಯಮ್ಮನವರ ಜನ್ಮದಿನ, ನಮ್ಮ ಮೊಂತಿ ಹಬ್ಬ, ಹೊಸ ಅಕ್ಕಿಯ ಹಬ್ಬ. ಊರಲ್ಲಾದರೆ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮಧ್ಯಾಹ್ನ ಬಾಳೆಲೆಯಲ್ಲಿ ಸಸ್ಯಾಹಾರದ ಊಟ, ಪಲ್ಯ ಪದಾರ್ಥಗಳ ಲೆಕ್ಕ ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯಲ್ಲೇ ಇರಬೇಕು. ಇಲ್ಲಿ ತೆನೆಗೆ ಪರದಾಟ, ತರಕಾರಿಗೆ ಇನ್ನೂ ಪರದಾಟ. ಇವರು ಚೌಕಿಟ್ ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ ಕೆಸುವಿನ ದಂಟು, ಹರಿವೆ, ಬೆಂಡೆ ಹೊತ್ತು ತಂದು ನಮ್ಮ ಅಡುಗೆಮನೆಯಲ್ಲೇ ನಿಂತರು. ನಮ್ಮ ಅಂಬಟೆಕಾಯಿಯ ಜಾತಿಯದೇ ಇಲ್ಲಿಯ ಕೆಡೊಂಡೊಂಗ್ ಎಂದು ನಮಗೆ ತೋರಿಸಿಕೊಟ್ಟವರೂ ಅವರೇ. ಅದರ ಗೊಜ್ಜು ತಿಂದವರು ಇನ್ನೂ ನೆನೆಸುತ್ತಾರೆ.

2019ರಲ್ಲಿ ಸೆಪ್ಟೆಂಬರ್ 8 ಭಾನುವಾರವೇ ಬಂದಿತ್ತು. ಆ ವರ್ಷ ನಾವು ಅವರಿಗೆ ಹೇಳಲಿಲ್ಲ. ಮಕ್ಕಳಿರುವ ಮನೆ, ನಾಲ್ಕು ಜನ ಏನೆಂದುಕೊಳ್ಳುತ್ತಾರೆ ಎಂಬ ಮಾತು ಬಂತು, ಅದನ್ನು ಯಾರು ಮೊದಲು ಆಡಿದ್ದು ಎಂದು ಈಗ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ, ಕರೆಯಲಿಲ್ಲ ಅಷ್ಟೆ. ಪೂಜೆ ಮುಗಿದು ಎಲ್ಲರೂ ನಮ್ಮ ಮನೆಯ ಕಡೆಗೆ ಕಾರು ಹತ್ತುವಾಗ ಅವರು ಗೇಟಿನ ಬಳಿ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲವಿತ್ತು. ಅದರಲ್ಲಿ ಏನಿತ್ತೋ ನಾವು ನೋಡಲಿಲ್ಲ, ನೋಡದೆಯೂ ಗೊತ್ತಿತ್ತು. ಮುಂದಿನ ಭಾನುವಾರದಿಂದ ಕೊನೆಯ ಬೆಂಚು ಖಾಲಿ.

ಅಕ್ಟೋಬರ್ 27ರ ಪೂಜೆಯಲ್ಲಿ ಫರಿಸಾಯ ಮತ್ತು ಸುಂಕದವನ ಸಾಮತಿ ಓದಿದರು. ಮೂರು ವರ್ಷಕ್ಕೊಮ್ಮೆ ಭಾನುವಾರದ ಸರದಿಯಲ್ಲಿ ಬರುವ ಪಾಠ ಅದು. ಒಬ್ಬನು ದೇವಾಲಯದಲ್ಲಿ ಮುಂದೆ ನಿಂತು, ತಾನು ಇತರರಂತಲ್ಲ ಎಂದು ದೇವರಿಗೇ ವರದಿ ಒಪ್ಪಿಸುತ್ತಾನೆ. ಇನ್ನೊಬ್ಬನು ದೂರದಲ್ಲಿ ನಿಂತು ತಲೆಯನ್ನೂ ಎತ್ತುವುದಿಲ್ಲ. ನಾವು ಚಿಕ್ಕಂದಿನಿಂದ ಇದನ್ನು ಕೇಳುವಾಗಲೆಲ್ಲ ಆ ಎರಡನೆಯವನು ನಾವೇ ಎಂದುಕೊಂಡು ಕೇಳಿದವರು. ಅಂದು ಇಬ್ಬರೂ ತಿರುಗಿ ಹಿಂದೆ ನೋಡಿದೆವು. ಮನೆಗೆ ಬರುವವರೆಗೆ ಕಾರಿನಲ್ಲಿ ಮಾತಿಲ್ಲ.

ಆದರೂ ಫೋನ್ ಮಾಡಲಿಲ್ಲ. ನಾವು ಆಡಿದ್ದು ಸುಳ್ಳಲ್ಲವಲ್ಲ ಎಂಬುದೇ ನಮ್ಮ ಧೈರ್ಯ. ಸುಳ್ಳಾಗಿದ್ದರೆ ಹೋಗಿ ತಪ್ಪಾಯಿತು ಎನ್ನುವುದು ಸುಲಭ.

ಆ ಡಿಸೆಂಬರಿನಲ್ಲಿ ನೆಂಟರನ್ನು ಕರೆದುಕೊಂಡು ಮಲಕ್ಕಾಕ್ಕೆ ಹೋದೆವು. ಸೇಂಟ್ ಪಾಲ್ ಗುಡ್ಡದ ಪಾಳು ಇಗರ್ಜಿಯೊಳಗೆ ಕಂಬಿ ಹಾಕಿದ ಒಂದು ಬರಿದು ಗುಂಡಿ ಇದೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹವನ್ನು 1553ರಲ್ಲಿ ಗೋವಾಕ್ಕೆ ಒಯ್ಯುವ ಮುಂಚೆ ಕೆಲವು ತಿಂಗಳು ಹೂತಿಟ್ಟಿದ್ದು ಇಲ್ಲಿ. ನಮ್ಮವರಿಗೆ ಅವರೆಂದರೆ ಬಹಳ ಭಕ್ತಿ, ನಮಗೂ ಹೌದು. ಆದರೆ ಗೋವಾದಲ್ಲಿ ಇನ್‌ಕ್ವಿಸಿಶನ್, ಅಂದರೆ ಧರ್ಮವಿಚಾರಣೆಯ ನ್ಯಾಯಾಲಯ ಬೇಕೆಂದು 1546ರಲ್ಲಿ ಪೋರ್ಚುಗಲ್ ದೊರೆಗೆ ಬರೆದವರೂ ಅವರೇ. ಅದು ಬಂದದ್ದು ಅವರು ತೀರಿಕೊಂಡ ಮೇಲೆ, 1560ರಲ್ಲಿ. ಪೂರ್ತಿ ನಿಂತದ್ದು 1812ರಲ್ಲಿ. ಹೊಸ ಕ್ರೈಸ್ತರು ಮನೆಯಲ್ಲಿ ತುಳಸಿ ಇಟ್ಟಿದ್ದಾರೋ, ಗಂಡಸರು ಧೋತ್ರ ಉಡುತ್ತಾರೋ, ಅನ್ನಕ್ಕೆ ಉಪ್ಪು ಹಾಕದೆ ಬೇಯಿಸುತ್ತಾರೋ ಎಂಬವೂ ಅಪರಾಧದ ಲೆಕ್ಕಕ್ಕೆ ಸೇರಿ 1736ರ ಆಜ್ಞೆಯಲ್ಲಿ ನಿಷೇಧವಾದವು. ಪಕ್ಕದ ಮನೆಯವರು ಹೇಳಿಕೊಡದೆ ಇಂಥದ್ದೆಲ್ಲ ನ್ಯಾಯಾಲಯಕ್ಕೆ ಹೇಗೆ ಗೊತ್ತಾಗುತ್ತದೆ? ಬರಗಾಲ, ಯುದ್ಧ, ತೆರಿಗೆ ಇವುಗಳ ಜೊತೆಗೆ ಈ ಭಯಕ್ಕೂ ಗೋವಾ ಬಿಟ್ಟು ಕೆನರಾಕ್ಕೆ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ನಾವು. ನೆಂಟರಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸುತ್ತಿದ್ದಂತೆ ನಮಗೇ ಮಾತು ಗಂಟಲಲ್ಲಿ ಸಿಕ್ಕಿತು. ಮಾಮಕ್ ಅಂಗಡಿಯ ನಮ್ಮ ಮೇಜು ಕಣ್ಣ ಮುಂದೆ ಬಂತು.

2020ರ ಮಾರ್ಚ್ 18ಕ್ಕೆ ಇಲ್ಲಿ ಓಡಾಟ ನಿರ್ಬಂಧದ ಆಜ್ಞೆ ಬಂತು, ಇಗರ್ಜಿಗಳ ಬಾಗಿಲು ಮುಚ್ಚಿತು. ಅದೇ ತಿಂಗಳ 27ರಂದು ಆಗಿನ ಪೋಪ್ ಫ್ರಾನ್ಸಿಸರು ಮಳೆಯಲ್ಲಿ, ನರಪಿಳ್ಳೆಯಿಲ್ಲದ ರೋಮಿನ ಚೌಕದಲ್ಲಿ ನಿಂತು ಪ್ರಾರ್ಥಿಸಿದ್ದನ್ನು ನಾವು ರಾತ್ರಿ ಒಂದು ಗಂಟೆಗೆ ಎದ್ದು ಕೂತು ನೋಡಿದೆವು. ಮುಂದೆ ತಿಂಗಳುಗಟ್ಟಲೆ ಪೂಜೆಯೆಂದರೆ ಕಂಪ್ಯೂಟರಿನ ಪರದೆ. ಗುರುಗಳು ಪ್ರಸಾದ ಎತ್ತಿ ತೋರಿಸುತ್ತಾರೆ, ನಾವು ಸೋಫಾದ ಮುಂದೆ ಮೊಣಕಾಲೂರಿ ಮನಸ್ಸಿನಲ್ಲೇ ಸ್ವೀಕರಿಸುವ ಪ್ರಾರ್ಥನೆ ಹೇಳುತ್ತೇವೆ. ನೋಡುವುದು, ಕೈಗೆ ಸಿಗದಿರುವುದು. ಈಸ್ಟರಿನ ದಿನ ನಮ್ಮಲ್ಲೊಬ್ಬರಿಗೆ ಅಳು ಬಂತು. ಇನ್ನೊಬ್ಬರು, “ಆ ಮನುಷ್ಯ ಇಷ್ಟು ವರ್ಷ ಹೀಗೇ ಕೂತಿದ್ದ ಅಲ್ಲವಾ?” ಎಂದರು.

ಹೋಟೆಲುಗಳಲ್ಲೂ ಆಗ ಕೂತು ಉಣ್ಣುವಂತಿರಲಿಲ್ಲ. ಅವರ ಕೆಲಸ ಏನಾಯಿತೋ ಎಂದು ಫೋನ್ ಮಾಡಿದರೆ ನಂಬರು ಬದಲಾಗಿತ್ತು. 2022ರಲ್ಲಿ ಎಲ್ಲ ತೆರೆದ ಮೇಲೆ ಅಲ್ಲಿ ಇಲ್ಲಿ ವಿಚಾರಿಸಿ ಕ್ಲಾಂಗಿನಲ್ಲಿ ಹುಡುಕಿದೆವು. ಹಿಂದಿನ ಹೋಟೆಲು ಮುಚ್ಚಿ, ಇನ್ನೊಂದರಲ್ಲಿ ಸೇರಿಕೊಂಡಿದ್ದರು. ನಮ್ಮನ್ನು ಕಂಡು ಕೈ ಒರೆಸಿಕೊಂಡು ಹೊರಗೆ ಬಂದರು, ಚಹಾ ತರಿಸಿದರು, ದುಡ್ಡು ಕೊಡಲು ಬಿಡಲಿಲ್ಲ. ಕ್ಷಮೆ ಕೇಳುವುದಕ್ಕೆ ನಾವು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದ ಮಾತುಗಳೆಲ್ಲ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಹೇಗೋ ಹೇಳಿದೆವು.

“ಮುಂದೆ ಹೋಗುವ ಯೋಗ್ಯತೆ ನನಗಿಲ್ಲ ಅಂತ ಗೊತ್ತಿದೆ ಬಾಯಿ, ಅದಕ್ಕೇ ಹಿಂದೆ ಕೂರುತ್ತಿದ್ದೆ” ಎಂದರು. “ಹಿಂದೆ ಕೂತದ್ದೂ ಹೆಚ್ಚಾಯಿತು ಅಂತ ಆ ವರ್ಷ ಗೊತ್ತಾಯಿತು.”

ಸಿಟ್ಟಿನಿಂದ ಹೇಳಿದ್ದಲ್ಲ. ಒಲೆಯ ಮೇಲೆ ಏನೋ ಇದೆ ಎಂಬಂತೆ ಒಳಗೆ ನೋಡುತ್ತಾ ಹೇಳಿದರು. ಈಗ ಬೇರೊಂದು ಇಗರ್ಜಿಯಲ್ಲಿ ಬಹಾಸಾ ಪೂಜೆಗೆ ಹೋಗುತ್ತಾರಂತೆ, ಆ ಹೆಂಗಸೂ ಜೊತೆಗೆ ಬರುತ್ತಾಳಂತೆ. ಅಲ್ಲಿ ಯಾರಿಗೂ ಇವರ ಊರು ಗೊತ್ತಿಲ್ಲ.

ಊರಿನಲ್ಲಿರುವ ಹೆಂಡತಿಯನ್ನು ನಾವು ಮರೆತಿಲ್ಲ. ಅವಳಿಗೆ ಅನ್ಯಾಯವಾಗಿದೆ, ತಿಂಗಳ ಹಣದಿಂದ ಅದು ತುಂಬುವುದಿಲ್ಲ. ಆದರೆ ಅವಳ ಪರವಾಗಿ ನ್ಯಾಯ ಹೇಳಿದೆವು ಎಂದುಕೊಂಡ ನಾವು ಅವಳಿಗೂ ಒಂದು ಕಾಗದ ಬರೆದವರಲ್ಲ, ಊರಿಗೆ ಹೋದಾಗ ಆ ಮನೆಯ ಮೆಟ್ಟಿಲು ಹತ್ತಿದವರಲ್ಲ. ಈಚೆಗೆ ಒಮ್ಮೆ ಹೋದೆವು. ಆ ಮಾತು ಅವಳದ್ದು, ಇಲ್ಲಿ ಬರೆಯುವುದಿಲ್ಲ.

ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಈಗ ನಾವೇ ಫೋನ್ ಮಾಡಿ ಕರೆಯುತ್ತೇವೆ, ಇಬ್ಬರನ್ನೂ. ಅವರು “ನೋಡೋಣ” ಎನ್ನುತ್ತಾರೆ, ಬರುವುದಿಲ್ಲ. ಕಳೆದ ಹಬ್ಬಕ್ಕೆ ಮಾತ್ರ ಹೋಟೆಲಿನ ಹುಡುಗನೊಬ್ಬ ಮೋಟಾರ್ ಸೈಕಲಿನಲ್ಲಿ ಬಂದು ಸ್ಟೀಲಿನ ದೊಡ್ಡ ತೂಕುಪಾತ್ರೆ ಕೊಟ್ಟು ಹೋದ. ಕೆಡೊಂಡೊಂಗ್ ಗೊಜ್ಜು. ಎಲೆಯ ಮೇಲೆ ಎಂಟಿದ್ದ ಪದಾರ್ಥ ಅದರಿಂದ ಒಂಬತ್ತಾಯಿತು. ಆ ಪಾತ್ರೆ ಇನ್ನೂ ನಮ್ಮಲ್ಲೇ ಇದೆ. ಖಾಲಿ ಪಾತ್ರೆ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಅಡುಗೆಯವರ ಮನೆಗೆ ಏನು ಮಾಡಿ ಒಯ್ಯುವುದೆಂದು ಇಬ್ಬರಿಗೂ ಚರ್ಚೆ ನಡೆದಿದೆ.