ತಡೆಗೋಡೆಯಿಲ್ಲದ ಮಾಳಿಗೆ

ಕಡಿದಾದ ಬಂಡೆಗೆ ಮಂಚವೊಂದನ್ನು ತೂಗುಹಾಕಿ, ನೂರಾರು ಅಡಿ ಆಳದ ಮೇಲೆ ರಾತ್ರಿ ಕಳೆಯುವವರ ದೃಶ್ಯಗಳನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುತ್ತಿದ್ದಾರೆ. ಅಮೆರಿಕದ ಕೊಲರಾಡೊದಲ್ಲಿರುವ ಎಸ್ಟೆಸ್ ಪಾರ್ಕ್‌ನಂತಹ ಕಡೆಗಳಲ್ಲಿ ಹಣ ತೆತ್ತವರನ್ನು ಮಾರ್ಗದರ್ಶಕರು ಹೀಗೆ ಮಲಗಿಸಿ ಬೆಳಿಗ್ಗೆ ಕರೆತರುತ್ತಾರೆ. (ನಮ್ಮಂತಹ ಶಿಕ್ಷಕರ ಕೈಗೆಟಕುವ ಹಣವಲ್ಲ ಅದು.) ಇದು ಜೀವವನ್ನು ಕೈಯಾರೆ ವಿನಾಶಕ್ಕೆ ದೂಡುವುದಲ್ಲವೇ ಎಂದು ಹೆತ್ತವರು ನಮ್ಮನ್ನು ಕೇಳುತ್ತಾರೆ. ಅವರಿಗೆ ಬೇಕಾದ ಉತ್ತರ ಅವರ ಮುಖದಲ್ಲೇ ಇರುತ್ತದೆ. ಹರಾಮ್ ಎಂದು ನಾವು ಹೇಳಿಬಿಟ್ಟರೆ ಮಗನ ಬಾಯಿ ಮುಚ್ಚಿಸಬಹುದು.

ತೀರ್ಪಿಗೆ ಮೊದಲು ಆ ಮಂಚವನ್ನು ನೋಡೋಣ. ಅದರ ಹೆಸರು ಪೋರ್ಟಲೆಡ್ಜ್. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದಕ್ಕೆ ಬಿಗಿದ ನೈಲಾನ್ ಬಟ್ಟೆ. ಅಂಚುಗಳಿಂದ ಮೇಲೇರುವ ಪಟ್ಟಿಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವನ್ನು ಬಂಡೆಯಲ್ಲಿ ಊರಿದ ಒಂದಕ್ಕಿಂತ ಹೆಚ್ಚು ಆಧಾರಗಳಿಗೆ ಕಟ್ಟುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಬೇಕು. ಆದರೂ ಮಲಗಿದವನ ಪ್ರಾಣ ಮಂಚವನ್ನು ನಂಬಿಕೊಂಡಿಲ್ಲ. ಅವನ ಸೊಂಟಪಟ್ಟಿಯಿಂದ ಹೊರಟ ಹಗ್ಗ ನೇರವಾಗಿ ಬಂಡೆಯ ಆಧಾರವನ್ನು ಸೇರುತ್ತದೆ. ಮಂಚ ಮಗುಚಿದರೆ ಅವನು ಹಗ್ಗದಲ್ಲಿ ತೂಗುತ್ತಾನೆ. ನಿದ್ರೆಯಲ್ಲೂ ಆ ಪಟ್ಟಿಯನ್ನು ಬಿಚ್ಚುವಂತಿಲ್ಲ.

ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನ ರಕ್ಷಣೆಯ ಹೊಣೆ ಉಳಿಯದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಅಬೂದಾವೂದ್‌ರ ಸಂಗ್ರಹದಲ್ಲಿದೆ. ಅಲ್ಲಿ ದೂರಿದ್ದು ಮಾಳಿಗೆಯ ಎತ್ತರವನ್ನಲ್ಲ, ತಡೆ ಇಲ್ಲದಿರುವುದನ್ನು ಎಂದು ನಾವು ತಿಳಿಯುತ್ತೇವೆ. ಬಂಡೆಯ ಮೇಲಿನವನಿಗೆ ಹಗ್ಗವೇ ತಡೆಗೋಡೆ. ಒಂಟೆಯನ್ನು ಕಟ್ಟಿದ ಬಳಿಕ ತವಕ್ಕುಲ್ ಎಂಬ ಪಾಠವನ್ನು ಮದ್ರಸದ ಕೆಳತರಗತಿಯಲ್ಲೇ ಕಲಿಸುತ್ತೇವೆ. ಆದರೆ ಮಳೆಗಾಲದಲ್ಲಿ ಜಲಪಾತದ ನೆತ್ತಿಯ ಪಾಚಿಗಟ್ಟಿದ ಕಲ್ಲಿನ ಮೇಲೆ ನಿಂತು ವೀಡಿಯೊ ತೆಗೆಸಿಕೊಳ್ಳುವ ನಮ್ಮ ಹುಡುಗರಿಗೆ ಹಗ್ಗವೂ ಇಲ್ಲ, ಮಾರ್ಗದರ್ಶಕನೂ ಇಲ್ಲ. ಅದರ ಬಗ್ಗೆ ಫತ್ವಾ ಕೇಳಿ ಬಂದವರನ್ನು ನಾವು ಕಂಡಿಲ್ಲ. ಹೆಲ್ಮೆಟ್ ಇಲ್ಲದೆ ಒಂದೇ ಬೈಕಿನಲ್ಲಿ ಮೂವರು ಜುಮಾಕ್ಕೆ ಬರುವುದನ್ನಂತೂ ಯಾರೂ ಅಪಾಯವೆಂದು ಎಣಿಸುವುದೇ ಇಲ್ಲ.

ಈ ವಿದ್ಯೆಯಲ್ಲಿ ಸಾಹಸಕ್ಕಿಂತ ಕಾಯುವಿಕೆಯೇ ಹೆಚ್ಚು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಎಲ್ ಕ್ಯಾಪಿಟನ್ ಎಂಬ ಸುಮಾರು 900 ಮೀಟರ್ ಎತ್ತರದ ಗ್ರಾನೈಟ್ ಬಂಡೆಯಿದೆ. ಅದರ 'ಡಾನ್ ವಾಲ್' ಎಂಬ ಮುಖವನ್ನು ಕೈಕಾಲುಗಳ ಬಲದಿಂದಲೇ, ಹಗ್ಗವನ್ನು ಬಿದ್ದಾಗ ಹಿಡಿಯಲು ಮಾತ್ರ ಬಳಸಿ, ಟಾಮಿ ಕಾಲ್ಡ್‌ವೆಲ್ ಮತ್ತು ಕೆವಿನ್ ಜಾರ್ಜಸನ್ 2015ರ ಜನವರಿಯಲ್ಲಿ ಏರಿದರು. 19 ದಿನ ಅವರ ಮನೆ ಇಂತಹ ಮಂಚವೇ. ಕಾಲ್ಡ್‌ವೆಲ್‌ರ ಎಡಗೈ ತೋರುಬೆರಳು ಹಿಂದೆಯೇ ಅಪಘಾತದಲ್ಲಿ ತುಂಡಾಗಿತ್ತು. ಜಾರ್ಜಸನ್ 15ನೆಯ ಹಂತದಲ್ಲಿ ಮತ್ತೆ ಮತ್ತೆ ಬಿದ್ದರು. ಹರಿದ ಬೆರಳಿನ ಚರ್ಮ ಮಾಯಲೆಂದು ದಿನಗಟ್ಟಲೆ ಸುಮ್ಮನೆ ಮಲಗಬೇಕಾಯಿತು. ಅಷ್ಟರಲ್ಲಿ ಮುಂದಿನ ಕಠಿಣ ಹಂತಗಳನ್ನು ದಾಟಿದ್ದ ಕಾಲ್ಡ್‌ವೆಲ್ ಒಬ್ಬರೇ ತುದಿ ಮುಟ್ಟಲು ಹೋಗಲಿಲ್ಲ. ಜೊತೆಗಾರನಿಗಾಗಿ ಕಾದರು. ಇಬ್ಬರೂ ಕೂಡಿಯೇ ಮೇಲೆ ತಲುಪಿದರು. ಮಕ್ಕಳಿಗೆ ಆ ವೀಡಿಯೊಗಳಲ್ಲಿ ತೋರಿಸಬೇಕಾದ ಭಾಗ ಇದೇ ಎಂದು ನಮಗನ್ನಿಸುತ್ತದೆ.

ಇನ್ನೊಂದು ಸಂಗತಿ, ಹೇಳಲು ಸ್ವಲ್ಪ ಸಂಕೋಚದ್ದು. ಯೊಸೆಮಿಟಿಯಲ್ಲಿ ಏರುವವರು ತಮ್ಮ ಮಲವನ್ನೂ ಚೀಲದಲ್ಲಿ ಕಟ್ಟಿಕೊಂಡು ಹೊರತರಬೇಕೆಂಬ ನಿಯಮವಿದೆ. ತಹಾರತ್‌ನ ಅಧ್ಯಾಯಗಳನ್ನು ಓದಿಯೂ ಪಿಕ್ನಿಕ್ಕಿನ ಬಿರಿಯಾನಿ ತಟ್ಟೆಗಳನ್ನು ನದಿದಂಡೆಯಲ್ಲೇ ಬಿಟ್ಟುಬರುವ ನಾವು ಇದನ್ನು ಕೇಳಿಸಿಕೊಳ್ಳಬೇಕು.

ಹಾಗಾದರೆ ಅಲ್ಲಿ ಫಜ್ರ್ ನಮಾಝ್ ಹೇಗೆ ಎಂದು ತಾಯಿಯೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ನಿಂತರೆ ಬೀಳುವ ಭಯವಿದ್ದರೆ ಕುಳಿತು ಮಾಡಬಹುದು. ಇರುವ ನೀರು ಕುಡಿಯಲು ಮಾತ್ರ ಸಾಲುವಂತಿದ್ದರೆ ತಯಮ್ಮುಮ್ ಇದೆ. ಹನಫಿಗಳಿಗೆ ಶುದ್ಧವಾದ ಬಂಡೆಯೇ ಸಾಕು; ಶಾಫಿಈಗಳಿಗೆ ಧೂಳು ಬೇಕು. ಆಕೆಯ ಮನೆಯವರು ಕರಾವಳಿಯ ಶಾಫಿಈಗಳು. ಮಗ ಹೊರಡುವ ದಿನ ಬಂದರೆ ಅಂಗಳದ ಮಣ್ಣನ್ನು ಪೊಟ್ಟಣ ಕಟ್ಟಿಕೊಡಿ ಎಂದೆವು.